ನೋಟಿಸು, ಪಾಸಿಂಗ್ ಪ್ಯಾಕೇಜ್ ಮತ್ತು ಒಂಬತ್ತನೇ ತರಗತಿಯ ಆ ಮೂವರು

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. 2024ರಲ್ಲಿ ನಮ್ಮಲ್ಲಿ 41 ಮಕ್ಕಳು ಎಸ್ಸೆಸ್ಸೆಲ್ಸಿ ಬರೆದು 31 ಮಂದಿ ಪಾಸಾಗಿದ್ದರು. 2025ರ ಪರೀಕ್ಷೆ-1ರಲ್ಲಿ 36ಕ್ಕೆ 21 ಮಾತ್ರ. ಫೇಲಾದವರಲ್ಲಿ ಹೆಚ್ಚಿನವರು ಗಣಿತದಲ್ಲೇ ಹೋಗಿದ್ದಾರೆ. ಕಾರಣ ಕೇಳಿ ನನಗೆ ನೋಟಿಸು ಬಂತು. ಈ ವರ್ಷ ದಿನಾ ಬೆಳಿಗ್ಗೆ ಟೆಸ್ಟ್, ಸಂಜೆ ವಿಶೇಷ ತರಗತಿ, ನಸುಕಿನಲ್ಲೆದ್ದು ಮಕ್ಕಳ ಮನೆಗೆ ಫೋನ್. ಹತ್ತನೇ ತರಗತಿಗೆ ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟು ಅಂಕಕ್ಕೆ ಆಯ್ದ ಪ್ರಶ್ನೆ-ಉತ್ತರ) ಬಿಟ್ಟು ಬೇರೇನೂ ಬೇಡ ಎಂದಿದ್ದಾರೆ. ಎಂಟು, ಒಂಬತ್ತರ ಪಾಠ ಹೇಗೋ ಓಡಿಸುತ್ತಿದ್ದೇನೆ. ಈಗ ಹೆಡ್‌ಮಾಸ್ತರರು ಒಂಬತ್ತನೇ ತರಗತಿಯ ಮೂವರ ಹೆಸರು ಹೇಳಿ, 'ಇವರು ಹತ್ತಕ್ಕೆ ಬಂದರೆ ನಮ್ಮ ಫಲಿತಾಂಶ ಮುಳುಗುತ್ತೆ, ಟಿಸಿ ಒಯ್ಯೋಕೆ ಪಾಲಕರನ್ನ ಒಪ್ಪಿಸಿ' ಎನ್ನುತ್ತಿದ್ದಾರೆ. ಅವರಲ್ಲಿ ಒಬ್ಬಳು ಹುಡುಗಿ. ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಅಜ್ಜಿ ಜೊತೆ ಇದ್ದಾಳೆ. ಒತ್ತಡ ಇಲ್ಲದಿದ್ದರೆ ಮಕ್ಕಳೂ ಓದಲ್ಲ, ನಾವೂ ಕಲಿಸಲ್ಲ ಅಂತ ಜೊತೆಯ ಶಿಕ್ಷಕರು ಹೇಳುತ್ತಾರೆ. ನಿಜವಾ? ನಾನು ಕೆಟ್ಟ ಶಿಕ್ಷಕಿ ಆಗಿಬಿಟ್ಟೆನಾ? ವರ್ಗಾವಣೆ ತಗೊಂಡು ಹೋಗಿಬಿಡಲಾ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಟಿಸಿ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದಕ್ಕೊಂದಕ್ಕೆ ಎರಡು ಉತ್ತರ ಇಲ್ಲ. ಆ ಮೂವರ ಮನೆಗೆ ಹೋಗಿ ಟಿಸಿ ಒಯ್ಯಿರಿ ಎಂದು ಹೇಳುವ ಕೆಲಸ ನೀವು ಮಾಡಬೇಡಿ.

ಟಿಸಿ ಅಂದರೆ ಮಗು ಶಾಲೆ ಬಿಡುವಾಗ ಪಾಲಕರು ತಾವಾಗಿ ಕೇಳಿ ಪಡೆಯುವ ವರ್ಗಾವಣೆ ಪತ್ರ. ಶಾಲೆ ಕರೆದು ಕೈಗಿಡುವುದಲ್ಲ. ಈ ಆಟ ಒಂಬತ್ತನೇ ತರಗತಿಯಲ್ಲೇ ನಡೆಯುವುದಕ್ಕೂ ಕಾರಣ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ. ಅಷ್ಟರವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಒಂಬತ್ತಕ್ಕೆ ಬಂದ ಮಗುವಿಗೆ ಆ ರಕ್ಷಣೆ ಮುಗಿದಿರುತ್ತದೆ, ಹತ್ತನೆಯ ಫಲಿತಾಂಶದ ಲೆಕ್ಕಕ್ಕೆ ಅದು ಇನ್ನೂ ಬಂದಿರುವುದಿಲ್ಲ. ಈ ಒಂದು ವರ್ಷದಲ್ಲಿ ಯಾರನ್ನು ಕಳಿಸಿದರೂ ಶಾಲೆಯ ಶೇಕಡಾವಾರು ಕೆಡುವುದಿಲ್ಲ, ಬದಲಿಗೆ ಚೆನ್ನಾಗಿ ಕಾಣುತ್ತದೆ. ಆ ಹುಡುಗಿಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಕಡೆ ಹದಿನಾಲ್ಕು, ಹದಿನೈದರ ಹುಡುಗಿ ಶಾಲೆ ಬಿಟ್ಟರೆ ಒಂದೋ ಹತ್ತಿ ಬಿಡಿಸೋಕೆ ಹೋಗುತ್ತಾಳೆ, ಇಲ್ಲ ಮದುವೆ ಮಾತು ಶುರುವಾಗುತ್ತದೆ. 18 ತುಂಬದೆ ಮದುವೆ ಮಾಡುವಂತಿಲ್ಲ ಎಂಬ ಕಾನೂನು ಊರಿನವರಿಗೆಲ್ಲ ಗೊತ್ತು. ಆದರೂ ಅಜ್ಜಿಗೆ ಕಾನೂನಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಹಾಜರಿ ಪುಸ್ತಕ. ಹೆಸರು ಅದರಲ್ಲಿ ಇರುವ ತನಕ, ಕೇಳಿಕೊಂಡು ಬಂದವರಿಗೆ 'ಹುಡುಗಿ ಸಾಲಿಗೆ ಹೋಗ್ತಾಳ' ಅಂತ ಹೇಳಿ ಕಳಿಸಬಹುದು.

ಹೆಡ್‌ಮಾಸ್ತರರ ಜೊತೆ ಜಗಳ ಬೇಡ. ಅವರಿಗೂ ಮೇಲಿನಿಂದ ಒಂದು ಕಾಗದ ಬಂದೇ ಇರುತ್ತದೆ. 'ಪಾಲಕರು ಬರೆದುಕೊಟ್ಟರೆ ಕೊಡೋಣ ಸಾರ್, ನಾನಾಗಿ ಕೇಳೋದಿಲ್ಲ' ಎಂದರೆ ಸಾಕು. ಮತ್ತೆ ಮತ್ತೆ ಒತ್ತಾಯ ಮಾಡಿದರೆ ಅದನ್ನೇ ಲಿಖಿತವಾಗಿ ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಇಂಥ ಆದೇಶವನ್ನು ಯಾರೂ ಬರೆದು ಕೊಡುವುದಿಲ್ಲ.

ಈಗ ನೋಟಿಸಿಗೆ ಬರೋಣ. ನೀವು ಗಣಿತದವರು, ಸ್ವಲ್ಪ ಲೆಕ್ಕ ಹಾಕೋಣ.

41ಕ್ಕೆ 31 ಅಂದರೆ ಶೇ. 75.6. 36ಕ್ಕೆ 21 ಅಂದರೆ ಶೇ. 58.3. ನೋಟಿಸು ಬರೆದವರಿಗೆ ಇಲ್ಲಿ ಕಂಡದ್ದು ಶೇ. 17ರಷ್ಟು ಕುಸಿತ. ಅದೇ ಎರಡು ವರ್ಷ ಇಡೀ ರಾಜ್ಯದ ಫಲಿತಾಂಶ ಶೇ. 73.40ರಿಂದ 66.14ಕ್ಕೆ ಇಳಿಯಿತು. ಅಂದರೆ 17ರಲ್ಲಿ 7 ಎಲ್ಲರಿಗೂ ಬಿದ್ದ ಪೆಟ್ಟು. ಉಳಿದದ್ದು 10. ನಿಮ್ಮ 36 ಮಕ್ಕಳಲ್ಲಿ ಒಬ್ಬರು ಅಂದರೇ ಶೇ. 2.8, ಹಾಗಾಗಿ ಆ 10 ಎಂದರೆ ಸುಮಾರು ನಾಲ್ಕು ಮಕ್ಕಳು. ಒಂದು ಮನೆಯವರು ಫೆಬ್ರವರಿಯಲ್ಲಿ ಮೆಣಸಿನಕಾಯಿ ಬಿಡಿಸೋಕೆ ಹೋದರು, ಇಬ್ಬರಿಗೆ ಹಾಜರಾತಿಯೇ ಕಷ್ಟದಲ್ಲಿ ಹೊಂದಿತು, ಒಬ್ಬನಿಗೆ ಪರೀಕ್ಷೆ ಹೊತ್ತಿಗೆ ಜ್ವರ ಬಂತು, ಅಷ್ಟಕ್ಕೆ ನಾಲ್ಕಾಯಿತು. ಸಣ್ಣ ಶಾಲೆಯ ಶೇಕಡಾವಾರು ವರ್ಷದಿಂದ ವರ್ಷಕ್ಕೆ ಹೀಗೇ ಎತ್ತೆತ್ತಲೋ ಎಗರುತ್ತದೆ. ಒಂದು ವರ್ಷದ ಏರಿಳಿತ ನೋಡಿ ಒಬ್ಬ ಶಿಕ್ಷಕಿಯ ಬಗ್ಗೆ ತೀರ್ಮಾನ ಹೇಳುವುದು ಸಂಖ್ಯಾಶಾಸ್ತ್ರ ಓದಿದ ಯಾರಿಗೂ ಒಪ್ಪಿಗೆಯಾಗದ ಕೆಲಸ. ಕಡೇಪಕ್ಷ ಮೂರು ವರ್ಷದ ಸರಾಸರಿಯಾದರೂ ನೋಡಬೇಕು.

ಇನ್ನೊಂದು ವಿಷಯ ಇದೆ. 2024ರಲ್ಲಿ ಪರೀಕ್ಷಾ ಮಂಡಳಿ ಮೊದಲ ಸಲ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ ವೆಬ್‌ಕಾಸ್ಟಿಂಗ್ ಮಾಡಿಸಿತು. ಫಲಿತಾಂಶ ಸುಮಾರು ಶೇ. 53ಕ್ಕೆ ಬಂದು ನಿಂತಿತ್ತು. ಆಮೇಲೆ ಕೃಪಾಂಕವನ್ನು, ಅಂದರೆ ಪಾಸಾಗಲೆಂದು ಸೇರಿಸಿ ಕೊಡುವ ಗ್ರೇಸ್ ಅಂಕವನ್ನು, ಶೇ. 20ಕ್ಕೆ ಹೆಚ್ಚಿಸಿದ ಮೇಲೆ ಅದು 73.40 ಆಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಆದರೂ 66 ದಾಟಿತು. ಕುಸಿತ ಅಂತ ಎಲ್ಲರೂ ಬೊಬ್ಬೆ ಹಾಕಿದ ವರ್ಷದಲ್ಲಿ ಮಕ್ಕಳು ನಿಜವಾಗಿ ಸ್ವಲ್ಪ ಮೇಲೆ ಬಂದಿದ್ದರು. ಹಾಗಾಗಿ ನಿಮ್ಮ 31ರಲ್ಲಿ ಕೃಪಾಂಕದಿಂದ ದಾಟಿದವರು ಎಷ್ಟು ಎಂದು ಹಳೆಯ ಫಲಿತಾಂಶ ಪಟ್ಟಿ ತೆಗೆದು ನೋಡಿ. ಹತ್ತು ಮಂದಿ ಇದ್ದರೆ ಹೋಲಿಕೆ ಮಾಡಬೇಕಾದದ್ದು 41ಕ್ಕೆ 21 ಮತ್ತು 36ಕ್ಕೆ 21. ನೋಟಿಸಿನ ಕಥೆಯೇ ತಿರುಗುತ್ತದೆ, ಅಲ್ವಾ?

ಇನ್ನೂ ಹಿಂದಕ್ಕೆ ಹೋಗಿ. 2021ರಲ್ಲಿ, ಕೊರೊನಾ ಕಾಲದಲ್ಲಿ, ಎರಡೇ ದಿನದ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಸಿದಾಗ ಹೆಚ್ಚುಕಡಿಮೆ ಎಲ್ಲರೂ ಪಾಸು. 2022ರಲ್ಲಿ ಶೇ. 85.63, 2023ರಲ್ಲಿ 83.89. ಕ್ಯಾಮೆರಾ ಬಂದ ವರ್ಷ ಕೃಪಾಂಕ ಬಿಟ್ಟು 53. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮರೆತುಬಿಟ್ಟರಾ? ಇಲ್ಲ. ಅಳೆಯುವ ರೀತಿ ಬದಲಾಯಿತು. ಅದಕ್ಕೂ ಮೊದಲು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅಂಕಿಯಲ್ಲಿ ಮಕ್ಕಳ ಕಲಿಕೆ ಎಷ್ಟಿತ್ತು, ಕೊಠಡಿಯೊಳಗಿನ 'ಸಹಕಾರ' ಎಷ್ಟಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಕ್ಯಾಮೆರಾ ಒಳ್ಳೆಯದೇ. ಹಳೆಯ ಅಂಕಿಯ ಜೊತೆ ಹೊಸದನ್ನು ಇಟ್ಟು ನೋಟಿಸು ಕೊಡುವುದು ಮಾತ್ರ ಅನ್ಯಾಯ.

ಇದು ಯಾಕೆ ಹೀಗಾಗುತ್ತದೆ? ಅಮೆರಿಕದ ಸಮಾಜ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲಿ ಇದನ್ನು ಒಂದು ನಿಯಮದ ಹಾಗೆ ಹೇಳಿಟ್ಟರು. ಯಾವುದೋ ಒಂದು ಅಂಕಿಯ ಮೇಲೆ ತೀರ್ಮಾನ, ಶಿಕ್ಷೆ, ಬಹುಮಾನ ಎಲ್ಲ ನಿಂತರೆ ಆ ಅಂಕಿ ಕೆಡುತ್ತದೆ, ಅದು ಅಳೆಯಬೇಕಿದ್ದ ಕೆಲಸವೂ ಕೆಡುತ್ತದೆ. ದರ ತೂಕದ ಮೇಲೆ ಸಿಗುತ್ತದೆ ಎಂದಾಗ ಮಾರುಕಟ್ಟೆಗೆ ಹೊರಟ ಹತ್ತಿಗೆ ನೀರು ಚಿಮುಕಿಸುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ತೂಕ ಏರುತ್ತದೆ, ಹತ್ತಿ ಹಾಳಾಗುತ್ತದೆ.

ಅಮೆರಿಕದವರು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದರು. ಅಲ್ಲಿ 2002ರಲ್ಲಿ ಬಂದ ಕಾನೂನಿನ ಪ್ರಕಾರ ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ. 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು, ಮುಟ್ಟದ ಶಾಲೆಗೆ ಒಂದೊಂದೇ ದಂಡನೆ. ಆಗಿದ್ದೇನು? ಪರೀಕ್ಷೆ ಇಲ್ಲದ ವಿಷಯಗಳ ಪೀರಿಯಡ್ ಕಡಿಮೆಯಾಯಿತು. ಟೆಕ್ಸಾಸ್‌ನ ಒಂದು ಶಾಲೆಯೊಳಗೆ ಕೂತು ನೋಡಿದ ಸಂಶೋಧಕಿಯೊಬ್ಬರು 2005ರಲ್ಲಿ ಬರೆದದ್ದನ್ನು ಓದಿದರೆ ನಮ್ಮ ತಾಲ್ಲೂಕಿನ ವರದಿಯೇ ಅನ್ನಿಸುತ್ತದೆ. ಶಿಕ್ಷಕರು ಮಕ್ಕಳನ್ನು ಮೂರು ಗುಂಪು ಮಾಡಿ, ಪಾಸಿನ ಗೆರೆಯ ಹತ್ತಿರ ಇರುವವರ ಮೇಲೆ ಎಲ್ಲ ಶಕ್ತಿ ಸುರಿದು, ತೀರಾ ಹಿಂದಿರುವವರನ್ನು ಕೈಬಿಟ್ಟಿದ್ದರು. ಅಟ್ಲಾಂಟಾ ನಗರದಲ್ಲಂತೂ ಶಿಕ್ಷಕರೇ ಮಕ್ಕಳ ಉತ್ತರ ಅಳಿಸಿ ತಿದ್ದಿದ್ದು ತನಿಖೆಯಲ್ಲಿ ಬಯಲಾಯಿತು. 2011ರ ವರದಿ 178 ಶಿಕ್ಷಕರು ಮತ್ತು ಮುಖ್ಯಸ್ಥರನ್ನು ಹೆಸರಿಸಿತು, 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅದೇ ವರ್ಷದ ಕೊನೆಗೆ ಆ ಕಾನೂನನ್ನೇ ಬದಲಿಸಿದರು.

ನಮಗೂ ಇದು ಹೊಸದಲ್ಲ. ಇಂಗ್ಲೆಂಡಿನಲ್ಲಿ 1862ರಿಂದ 'ಫಲಿತಾಂಶಕ್ಕೆ ತಕ್ಕ ಅನುದಾನ' ಎಂಬ ಪದ್ಧತಿ ಇತ್ತು. ಇನ್‌ಸ್ಪೆಕ್ಟರ್ ಬಂದು ಮಕ್ಕಳ ಓದು, ಬರಹ, ಲೆಕ್ಕ ಪರೀಕ್ಷಿಸುತ್ತಿದ್ದರು, ಪಾಸಾದ ತಲೆ ಎಣಿಸಿ ಹಣ. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿ ಒಪ್ಪಿಸಲು ಕಲಿತರು. ಆ ಶತಮಾನ ಮುಗಿಯುವಷ್ಟರಲ್ಲಿ ಅವರು ಅದನ್ನು ಕೈಬಿಟ್ಟರು. ಅದೇ ಪದ್ಧತಿ ಮದ್ರಾಸ್ ಪ್ರಾಂತ್ಯದಲ್ಲೂ ಇತ್ತು, ಆಗ ಬಳ್ಳಾರಿ ಇದ್ದದ್ದು ಆ ಪ್ರಾಂತ್ಯದಲ್ಲೇ. ನಮ್ಮ ಪಕ್ಕದ ಊರುಗಳ ಮಾಸ್ತರರು ನೂರೈವತ್ತು ವರ್ಷದ ಹಿಂದೆಯೇ ಈ ಪೆಟ್ಟು ತಿಂದಿದ್ದಾರೆ ಅನ್ನಿ.

ನಿಮ್ಮ ಜೊತೆಯವರ ಮಾತಿಗೆ ಬರುತ್ತೇನೆ. ಒತ್ತಡ ಇಲ್ಲದಿದ್ದರೆ ಯಾರೂ ಓದಲ್ಲ, ಕಲಿಸಲ್ಲ ಎಂಬುದರಲ್ಲಿ ಅರ್ಧ ನಿಜ ಇದೆ. ಶಾಲೆಗೇ ಸರಿಯಾಗಿ ಬಾರದ ಶಿಕ್ಷಕರನ್ನು ನಾನೂ ನೋಡಿದ್ದೇನೆ, ಅವರಿಗೆ ಲೆಕ್ಕ ಕೇಳುವವರು ಬೇಕೇ ಬೇಕು. ಆದರೆ ಫಲಿತಾಂಶದ ನೋಟಿಸು ತಲುಪುವುದು ಅವರಿಗಲ್ಲ. ಗಣಿತ, ಇಂಗ್ಲಿಷ್, ವಿಜ್ಞಾನ ಹೇಳುವವರಿಗೆ ಮೊದಲು ತಲುಪುತ್ತದೆ, ಏಕೆಂದರೆ ಮಕ್ಕಳು ಫೇಲಾಗುವುದು ಅಲ್ಲಿ. ಐದನೇ ತರಗತಿಯಲ್ಲಿ ಅತಿಥಿ ಶಿಕ್ಷಕರೂ ಇಲ್ಲದೆ ಅರ್ಧ ವರ್ಷ ಕಳೆದ ಮಗುವಿನ ಬಾಕಿಯನ್ನು ಹತ್ತನೇ ತರಗತಿಯ ಶಿಕ್ಷಕಿಯಿಂದ ವಸೂಲಿ ಮಾಡುವ ಪದ್ಧತಿ ಇದು.

ಟೆಸ್ಟ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಉಲ್ಟಾ ದಿಕ್ಕಿನದು. ಟೆಸ್ಟ್ ಅಂದರೇ ಕೆಟ್ಟದ್ದು ಅಂತ ನೀವು ಅಂದುಕೊಳ್ಳಬೇಡಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರೆ ಹೆಚ್ಚು ದಿನ ಉಳಿಯುತ್ತದೆ ಎಂದು ಎಷ್ಟೋ ಪ್ರಯೋಗಗಳು ತೋರಿಸಿವೆ. ಐದೇ ಪ್ರಶ್ನೆ, ಹತ್ತೇ ನಿಮಿಷ, ಅಂಕ ರಿಜಿಸ್ಟರಿಗೆ ಹೋಗಲ್ಲ, ಪಕ್ಕದವರ ಜೊತೆ ಕೂತು ತಿದ್ದಿಕೊಳ್ಳುವುದು. ಅಂಥ ಟೆಸ್ಟ್ ಔಷಧಿ. ಬೆಳಿಗ್ಗೆ ಎದ್ದ ಕೂಡಲೇ ಅಂಕ ಹಚ್ಚಿ, ಪ್ರಾರ್ಥನೆಯಲ್ಲಿ ಹೆಸರು ಕೂಗಿ ಓದುವ ಟೆಸ್ಟ್‌ನಿಂದ ಮಗು ಕಲಿಯುವುದು ಒಂದೇ, ಪಕ್ಕದವನ ಹಾಳೆ ನೋಡುವುದು.

ಪಾಸಿಂಗ್ ಪ್ಯಾಕೇಜ್ ವಿಷಯವನ್ನು ನಿಧಾನವಾಗಿ ನೋಡಬೇಕು. ಥೇಲ್ಸ್ ಪ್ರಮೇಯವನ್ನೇ ತೆಗೆದುಕೊಳ್ಳಿ. ಪ್ಯಾಕೇಜಿನಲ್ಲಿ ಅದಕ್ಕೆ ಗ್ಯಾರಂಟಿ ಜಾಗ. ಮಗು ತ್ರಿಭುಜ ಎ-ಬಿ-ಸಿ, ಒಳಗೆ ಡಿ-ಇ ರೇಖೆ, ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲವನ್ನೂ ಉಸಿರು ಬಿಡದೆ ಬರೆಯುತ್ತದೆ. ಶಿಕ್ಷಕರ ತರಬೇತಿಗೆ ಅಂತ ಶಾಲೆಗಳಿಗೆ ಹೋದಾಗ ನಾನು ಬೋರ್ಡಿನ ಮೇಲೆ ಅದೇ ಚಿತ್ರ ಬಿಡಿಸಿ, ತ್ರಿಭುಜಕ್ಕೆ ಪಿ-ಕ್ಯೂ-ಆರ್ ಅಂತ ಹೆಸರಿಟ್ಟು, ಒಳಗಿನ ರೇಖೆಗೆ ಎಲ್-ಎಂ ಅಂತ ಬರೆಯುತ್ತಿದ್ದೆ. ಮುಂದಿನ ಬೆಂಚಿನವರು ಅಕ್ಷರ ಬದಲಿಸಿಕೊಂಡು ಬರೆಯುತ್ತಿದ್ದರು. ಹಿಂದಿನ ಬೆಂಚಿನವರು ಪಿ-ಕ್ಯೂ-ಆರ್ ಚಿತ್ರದ ಕೆಳಗೆ ಎ-ಬಿ-ಸಿಯ ಸಾಧನೆಯನ್ನೇ ಅಕ್ಷರ ತಪ್ಪದೆ ಇಳಿಸಿಬಿಡುತ್ತಿದ್ದರು. ಅವರಿಗೆ ಅದು ಪದ್ಯ. ಅಕ್ಷರ ಯಾವುದನ್ನು ತೋರಿಸುತ್ತದೆ ಎಂಬುದೇ ಯಾರೂ ಹೇಳಿಕೊಟ್ಟಿರಲಿಲ್ಲ. ನಕ್ಷೆಯ ಪ್ರಶ್ನೆಯಲ್ಲೂ ಅಷ್ಟೇ. ಕೋಷ್ಟಕ ಹಾಕಲು ಬರುತ್ತದೆ, ಸ್ಕೇಲ್ ಬರೆಯಲು ಬರುತ್ತದೆ, ಋಣ ಮೂರರಿಂದ ಎರಡು ಕಳೆದರೆ ಋಣ ಒಂದು ಎಂದು ಬರೆದು ಚುಕ್ಕೆ ತಪ್ಪಿದ ಕಡೆ ಇಡುತ್ತದೆ. ಆ ತಪ್ಪು ಹತ್ತನೇ ತರಗತಿಯದಲ್ಲ, ಏಳನೆಯದು.

ಹಾಗಂತ ಪ್ಯಾಕೇಜ್ ಬಿಸಾಡಿ ಅನ್ನುವುದಿಲ್ಲ. ಪಾಸ್ ಎಂಬ ಕಾಗದ ಈ ಮಕ್ಕಳಿಗೆ ಬೇಕು. ಪಿಯುಸಿ, ಐಟಿಐ, ನರ್ಸಿಂಗ್, ಕೊನೆಗೆ ಒಂದು ಸೆಕ್ಯುರಿಟಿ ಕೆಲಸಕ್ಕೂ ಅದನ್ನೇ ಕೇಳುತ್ತಾರೆ. ಪಾಸಿನ ಗೆರೆಯೂ 2025-26ರಿಂದ ಇಳಿದಿದೆ: ಒಟ್ಟಾರೆ ಶೇ. 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಲಿಖಿತ 80 ಅಂಕದ ಪತ್ರಿಕೆಯಲ್ಲಿ ಇದು ಮುಟ್ಟಲಾಗದ ಗುರಿ ಅಲ್ಲ. ಪ್ರಶ್ನೆ ಇರುವುದು ಎಷ್ಟು ದಿನ ಅದನ್ನು ಮಾಡಬೇಕು ಎಂಬುದರಲ್ಲಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಇಡೀ ವರ್ಷ ಪ್ಯಾಕೇಜ್ ಮಾತ್ರ ಮಾಡಿದರೆ ನಾಲ್ಕೈದು ಮಕ್ಕಳು ಹೆಚ್ಚು ದಾಟಬಹುದು. ಮೇಲಿನವರಿಗೆ ಖುಷಿ. ಅಪಾಯ ಎಂದರೆ, ಪ್ರಶ್ನೆಯ ಧಾಟಿ ಸ್ವಲ್ಪ ಬದಲಾದರೂ ಅವರೆಲ್ಲ ಒಟ್ಟಿಗೆ ಬೀಳುತ್ತಾರೆ, ಚೆನ್ನಾಗಿ ಓದುವ ಎಂಟು ಹತ್ತು ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಹೋಗಿ ಮೊದಲ ತಿಂಗಳಲ್ಲೇ ಕೈ ಚೆಲ್ಲುತ್ತಾರೆ. ಅದಕ್ಕೂ ಕೆಟ್ಟದ್ದೆಂದರೆ ಒಂಬತ್ತನೆಯವರು ಅಡಿಪಾಯ ಇಲ್ಲದೆ ಮುಂದಿನ ಜೂನ್‌ಗೆ ನಿಮ್ಮ ಕೈಗೇ ಬರುತ್ತಾರೆ. ಈ ವರ್ಷದ ಫಲಿತಾಂಶಕ್ಕೆ ಮುಂದಿನ ವರ್ಷದ್ದನ್ನು ಅಡ ಇಟ್ಟ ಹಾಗಾಯಿತು.

ಎರಡನೆಯದು, ಪ್ಯಾಕೇಜ್ ಮಾಡುವುದಿಲ್ಲ, ಪುಸ್ತಕದ ಪಾಠವನ್ನೇ ಮಾಡುತ್ತೇನೆ ಎಂದು ಹಟ ಹಿಡಿಯುವುದು. ಆದರ್ಶ ಸರಿ. ಆದರೆ ಮಾರ್ಚ್‌ನಲ್ಲಿ ಬೀಳುವವರು ನೀವಲ್ಲ, ಮಕ್ಕಳು. ಒಬ್ಬರೇ ಹಟ ಮಾಡಿದರೆ ಎರಡನೇ ನೋಟಿಸು ಬರುವುದೂ ಖಂಡಿತ. ಇದನ್ನು ಮಾಡಿ ಎಂದು ನಾನು ಹೇಳುವುದಿಲ್ಲ.

ಮೂರನೆಯದರಲ್ಲಿ ಕೆಲಸ ಜಾಸ್ತಿ, ಮೊದಲ ತಿಂಗಳು ಫಲವೂ ಕಾಣುವುದಿಲ್ಲ. ಡಿಸೆಂಬರ್ ಮುಗಿಯುವವರೆಗೆ ವಿಶೇಷ ತರಗತಿಯ ಅರ್ಧ ಹೊತ್ತನ್ನು ಹಿಂದಿನ ತರಗತಿಗಳ ನಾಲ್ಕು ವಿಷಯಕ್ಕೆ ಕೊಡಿ: ಋಣ ಸಂಖ್ಯೆ, ಭಿನ್ನರಾಶಿ, ಸರಳ ಸಮೀಕರಣ, ಚಿತ್ರಕ್ಕೆ ಹೆಸರಿಡುವುದು. ಜನವರಿಯಿಂದ ಪ್ಯಾಕೇಜ್ ಹಿಡಿಯಿರಿ, ಆದರೆ ಪ್ರತಿ ಪ್ರಮೇಯದಲ್ಲೂ ಅಕ್ಷರ ಬದಲಿಸಿ ಒಂದು ಸಲ ಬರೆಸಿ. ಋಣ ಚಿಹ್ನೆ ಗೊತ್ತಾದ ಮಗು ನಕ್ಷೆಯ ಪ್ರಶ್ನೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅಷ್ಟು ಹೊತ್ತು ಉಳಿಯುತ್ತದೆ. ಒಂಬತ್ತನೆಯವರಿಗೆ ವಾರಕ್ಕೆ ಎರಡು ಪೀರಿಯಡ್ ಯಾರು ಏನೇ ಅಂದರೂ ಬಿಟ್ಟುಕೊಡಬೇಡಿ. ಅಪಾಯ ಇದರಲ್ಲೂ ಇದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪಕ್ಕದ ಶಾಲೆಗಿಂತ ಹಿಂದೆ ಬೀಳಬಹುದು, ಸಭೆಯಲ್ಲಿ ನಿಲ್ಲಿಸಿ ಕೇಳಬಹುದು. ಅದಕ್ಕೆ ಈಗಿನಿಂದಲೇ ಒಂದು ಪುಸ್ತಕ ಇಡಿ. ಯಾವ ಮಗುವಿಗೆ ನವೆಂಬರ್‌ನಲ್ಲಿ ಏನು ಬರುತ್ತಿರಲಿಲ್ಲ, ಜನವರಿಯಲ್ಲಿ ಏನು ಬರುತ್ತದೆ, ಹಾಜರಿ ಎಷ್ಟು. ಶೇಕಡಾವಾರು ಬೇಡ, ಮಗುವಿನ ಹೆಸರಿನ ಮುಂದೆ ಒಂದು ಸಾಲು ಸಾಕು. ಅಧಿಕಾರಿಗಳು ಅಂಕಿ ಕೇಳಿದಾಗ ಆ ಪುಸ್ತಕ ತೋರಿಸಿದವರನ್ನು ಕೂಗಾಡಿದ್ದು ನಾನು ಕಂಡಿಲ್ಲ. ಬರಿಗೈಲಿ ನಿಂತವರನ್ನು ಕೂಗಾಡಿದ್ದು ಬೇಕಾದಷ್ಟು ಕಂಡಿದ್ದೇನೆ.

ಪಾಲಕರಿಗೆ, ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಳ್ಳೆಯ ಅಂಕ ಬಂದದ್ದನ್ನು ಉಳಿಸಿಕೊಳ್ಳಬಹುದು. ಪರೀಕ್ಷೆ-1ರಲ್ಲಿ ಬಿದ್ದರೆ ವರ್ಷ ಹೋಯಿತು ಎಂಬ ಕಾಲ ಮುಗಿದಿದೆ. ಕಳೆದ ವರ್ಷ ಬಿದ್ದ 15 ಮಂದಿಯಲ್ಲಿ ಆಮೇಲಿನ ಎರಡು ಪರೀಕ್ಷೆಯಲ್ಲಿ ದಾಟಿದವರ ಲೆಕ್ಕ ನಿಮ್ಮ ನೋಟಿಸಿನಲ್ಲಿ ಇದೆಯಾ? ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ದಾಟದೆ ಮನೆಯಲ್ಲಿ ಕೂತವರಿದ್ದರೆ ಅವರನ್ನು ಮತ್ತೆ ಪರೀಕ್ಷೆ ಕಟ್ಟಿಸುವುದು ಈ ವರ್ಷದ ಯಾವ ಅಂಕಿಯಲ್ಲೂ ಕಾಣದ, ಆದರೆ ಮಾಡಲೇಬೇಕಾದ ಕೆಲಸ.

ನೋಟಿಸಿಗೆ ಉತ್ತರ ಕೊಟ್ಟಿದ್ದೀರಾ ಎಂದು ಬರೆದಿಲ್ಲ. ಕೊಟ್ಟಿಲ್ಲದಿದ್ದರೆ ಕೊಡಿ, 'ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ' ಎಂಬ ಒಂದು ಸಾಲಿನ ಉತ್ತರ ಮಾತ್ರ ಬೇಡ. ಅದು ತಪ್ಪೊಪ್ಪಿಗೆಯಾಗಿ ಸೇವಾ ಕಡತದಲ್ಲಿ ಉಳಿಯುತ್ತದೆ. ಒಂದು ಪುಟ ಸಾಕು. ಮೂರು ವರ್ಷದ ಅಂಕಿ, ಕೃಪಾಂಕದ ಲೆಕ್ಕ, ರಾಜ್ಯದ ಇಳಿಕೆ, ಖಾಲಿ ಇದ್ದ ಹುದ್ದೆ ಇದ್ದರೆ ಅದರ ತಿಂಗಳುಗಳು, ಹಾಜರಾತಿ, ಆಮೇಲಿನ ಪರೀಕ್ಷೆಗಳಲ್ಲಿ ಪಾಸಾದವರು, ಈ ವರ್ಷ ನೀವು ಮಾಡುತ್ತಿರುವುದು. ಯಾರನ್ನೂ ದೂರಬೇಡಿ, ಹೆಡ್‌ಮಾಸ್ತರರ ಮೂಲಕವೇ ಕಳಿಸಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿ ಇಟ್ಟುಕೊಳ್ಳಿ.

ವರ್ಗಾವಣೆ ಬೇಕಿದ್ದರೆ ತಗೊಳ್ಳಿ, ಅದು ಓಡಿಹೋದ ಹಾಗೇನೂ ಅಲ್ಲ. ಆದರೆ ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗೆ ಮೀಸಲಾದ ಸ್ಥಳೀಯ ವೃಂದದಲ್ಲಿದ್ದರೆ ಕಲ್ಯಾಣ ಕರ್ನಾಟಕದ ಆಚೆ ಹೋಗುವುದು ಸುಲಭ ಇಲ್ಲ, ಈ ಭಾಗದೊಳಗೆ ಎಲ್ಲಿ ಹೋದರೂ, ಕುಷ್ಟಗಿಯಾಗಲಿ ಸಿರುಗುಪ್ಪವಾಗಲಿ, ಇದೇ ಪ್ಯಾಕೇಜ್, ಇದೇ ಸಭೆ. ನಸುಕಿನ ಫೋನನ್ನು ಮಾತ್ರ ನಾಳೆಯಿಂದಲೇ ಬಿಡಿ. ಫೋನ್ ಎತ್ತುವವರು ಹೇಗೂ ಎದ್ದಿರುವ ಮಕ್ಕಳ ಮನೆಯವರು. ಆ ಅಜ್ಜಿಯ ಬಳಿ ಫೋನ್ ಇದೆಯೋ ಇಲ್ಲವೋ, ಒಂದು ಸಂಜೆ ಹೋಗಿ ಬನ್ನಿ. ಅಪ್ಪ-ಅವ್ವ ಎಂದು ವಾಪಸ್ ಬರುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಅವರು ಬಂದ ವಾರ ಹುಡುಗಿಯ ಓದಿನ ವಿಷಯ ಮಾತಾಡಲು ನೀವು ಅಲ್ಲಿರಬೇಕು.